ಹೈಬ್ರಿಡ್ ಕಾರು: ಕೊಳ್ಳುವ ಮುಂಚಿನ ಲೆಕ್ಕ, ಕೊಂಡ ಮೇಲಿನ ಆರೈಕೆ

ಪೆಟ್ರೋಲು ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಬ್ಯಾಟರಿಯೂ ಇರುವ ಹೈಬ್ರಿಡ್ ಕಾರು ಲಾಭವೋ ನಷ್ಟವೋ ಎಂಬುದನ್ನು ಅದು ಓಡುವ ರಸ್ತೆ ನೋಡಿ ಹೇಳಬೇಕು, ಕಾರು ನೋಡಿ ಹೇಳಲಾಗದು. ನಗರದ ದಟ್ಟಣೆಯಲ್ಲಿ ನಿಂತು ನಿಂತು ಸಾಗುವವರಿಗೆ ಕೊಟ್ಟ ಹೆಚ್ಚಿನ ಹಣ ಬೇಗ ಮರಳುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವವರಿಗೆ ಕಾರು ಮಾರುವ ಹೊತ್ತಿಗೂ ಮರಳದಿರಬಹುದು. ಕೊಂಡ ಮೇಲಿನ ಖರ್ಚಿನಲ್ಲಿ ಎಲ್ಲರೂ ಹೆದರುವುದು ದೊಡ್ಡ ಬ್ಯಾಟರಿಗೆ. ಆದರೆ ಆ ಬ್ಯಾಟರಿ ಅಕಾಲದಲ್ಲಿ ಕೆಡಲು ಎಷ್ಟೋ ಸಲ ಕಾರಣವಾಗುವುದು ಯಾರೂ ತೆಗೆದು ನೋಡದ, ಅಂಗೈಯಗಲದ ಒಂದು ಧೂಳಿನ ಜಾಲರಿ.

ಪೆಟ್ರೋಲು ಉಳಿಯುವುದು ಎಲ್ಲಿ

1,400 ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿರುವಾಗ ಅದರ ಚಲನಶಕ್ತಿ ಸುಮಾರು 135 ಕಿಲೋಜೂಲ್. ಸಾಮಾನ್ಯ ಕಾರನ್ನು ಬ್ರೇಕು ಒತ್ತಿ ನಿಲ್ಲಿಸಿದರೆ ಅದೆಲ್ಲ ಡಿಸ್ಕು, ಪ್ಯಾಡುಗಳ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿ ಸುಮಾರು 32 ಮೆಗಾಜೂಲ್. ಅದರಲ್ಲಿ ಶೇ. 30ರಷ್ಟು ಮಾತ್ರ ಚಕ್ರಕ್ಕೆ ತಲುಪುತ್ತದೆ ಎಂದು ಹಿಡಿದರೆ, ಪ್ರತಿ ಸಲ ನಿಂತಾಗಲೂ ಸುಮಾರು 14 ಮಿಲಿಲೀಟರ್ ಪೆಟ್ರೋಲನ್ನು ಬ್ರೇಕಿಗೆ ಸುರಿದಂತಾಯಿತು. ನೂರು ಸಲ ನಿಂತರೆ ಹತ್ತಿರ ಹತ್ತಿರ ಒಂದೂವರೆ ಲೀಟರ್.

ಹೈಬ್ರಿಡ್‌ನಲ್ಲಿ ಬ್ರೇಕು ಮುಟ್ಟಿದ ಕೂಡಲೇ ವಿದ್ಯುತ್ ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ. ಪೂರ್ತಿ ಸಿಗುವುದಿಲ್ಲ. ಚಕ್ರದಿಂದ ಬ್ಯಾಟರಿಗೆ ಹೋಗಿ ಮತ್ತೆ ಚಕ್ರಕ್ಕೆ ಬರುವಷ್ಟರಲ್ಲಿ ಸುಮಾರು ಮೂರನೇ ಒಂದು ಭಾಗ ದಾರಿಯಲ್ಲೇ ಕಳೆದುಹೋಗುತ್ತದೆ. ಉಳಿದದ್ದು ನಿಜವಾದ ಉಳಿತಾಯ.

ಎರಡನೆಯ ಉಳಿತಾಯ ನಿಂತಾಗಿನದು. ಒಂದೂವರೆ ಲೀಟರಿನ ಎಂಜಿನ್ ಸುಮ್ಮನೆ ಉರಿಯುತ್ತಿದ್ದರೂ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚೇ ಕುಡಿಯುತ್ತದೆ, ಎಸಿ ಹಾಕಿದರೆ ಇನ್ನೂ ಜಾಸ್ತಿ. ಹೈಬ್ರಿಡ್ ಸಿಗ್ನಲಿನಲ್ಲಿ ಎಂಜಿನ್ ಆರಿಸಿ, ಎಸಿಯನ್ನು ಬ್ಯಾಟರಿಯಿಂದಲೇ ಓಡಿಸುತ್ತದೆ.

ಮೂರನೆಯದು ಎಂಜಿನ್ನಿನದೇ. ಮೋಟಾರಿನ ಬಲವೊಂದರಿಂದಲೇ ಹೊರಡಬಲ್ಲ ಬಹುತೇಕ ಪೂರ್ಣ ಹೈಬ್ರಿಡ್‌ಗಳಲ್ಲಿ ಆಟ್ಕಿನ್ಸನ್ ಕ್ರಮದ ಎಂಜಿನ್ ಇರುತ್ತದೆ. ಒಳಹರಿವಿನ ವಾಲ್ವನ್ನು ತಡವಾಗಿ ಮುಚ್ಚಿ, ಒತ್ತುವ ಹೊಡೆತಕ್ಕಿಂತ ಹಿಗ್ಗುವ ಹೊಡೆತವನ್ನು ದೊಡ್ಡದಾಗಿಸುವ ಏರ್ಪಾಡು ಇದು. ಇದರಲ್ಲಿ ದಕ್ಷತೆ ಹೆಚ್ಚು, ಕಡಿಮೆ ತಿರುಗುವೇಗದಲ್ಲಿ ಎಳೆತ ಕಡಿಮೆ. ಆ ಕೊರತೆಯನ್ನು ಮೋಟಾರು ತುಂಬುತ್ತದೆ. 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಜೋಡಿಯನ್ನು ಜನರ ಬಳಕೆಗೆ ತಂದಿತು. 2015ರ ಕೊನೆಯಲ್ಲಿ ಬಂದ ನಾಲ್ಕನೇ ಪೀಳಿಗೆಯ ಪ್ರಿಯಸ್ ಎಂಜಿನ್ನಿನ ಗರಿಷ್ಠ ದಕ್ಷತೆ ಶೇ. 40 ಮುಟ್ಟಿತು.

ಹೆದ್ದಾರಿಯಲ್ಲಿ ಮೊದಲೆರಡು ಉಳಿತಾಯ ಇಲ್ಲವೇ ಇಲ್ಲ ಎನ್ನಬಹುದು. ಬ್ರೇಕು ಒತ್ತುವುದಿಲ್ಲ, ಕಾರು ನಿಲ್ಲುವುದೂ ಇಲ್ಲ, ಶಕ್ತಿಯ ಬಹುಭಾಗ ಗಾಳಿಯನ್ನು ಸೀಳಲು ಖರ್ಚಾಗುತ್ತದೆ. ಎಂಜಿನ್ನಿನ ದಕ್ಷತೆಯ ಲಾಭವಷ್ಟೇ ಉಳಿಯುತ್ತದೆ.

ಯಾವ ಹೈಬ್ರಿಡ್ ಎಂದು ಕೇಳಿ

ಜಾಹೀರಾತಿನಲ್ಲಿ ಎಲ್ಲಕ್ಕೂ ಹೈಬ್ರಿಡ್ ಎಂದೇ ಹೆಸರು. ನೀವು ಕೇಳಬೇಕಾದ್ದು ಒಂದೇ ಪ್ರಶ್ನೆ: ನಿಂತಿರುವ ಕಾರು ಎಂಜಿನ್ ಆರಿದ್ದಾಗಲೇ ಮೋಟಾರಿನ ಬಲದಿಂದ ಹೊರಡುತ್ತದೆಯೇ? ಇಲ್ಲವಾದರೆ ಬಹುಮಟ್ಟಿಗೆ ಅದು ಮೈಲ್ಡ್ ಹೈಬ್ರಿಡ್. 12 ಅಥವಾ 48 ವೋಲ್ಟಿನ ಸಣ್ಣ ಮೋಟಾರು ಬೆಲ್ಟಿನ ಮೂಲಕ ಎಂಜಿನ್ನಿಗೆ ಒತ್ತಾಸೆ ಕೊಡುತ್ತದೆ, ಅಷ್ಟೆ. ಬೆಲೆ ವ್ಯತ್ಯಾಸವೂ ಸಣ್ಣದು, ಉಳಿತಾಯವೂ ಸಣ್ಣದು. ಅದಕ್ಕೆ ಹೈಬ್ರಿಡ್‌ನ ಬೆಲೆ ಕೊಡಬೇಡಿ.

ಪೂರ್ಣ ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ 1ರಿಂದ 2 ಕಿಲೋವ್ಯಾಟ್-ಗಂಟೆಯ, ಅಂದರೆ 1ರಿಂದ 2 ಯೂನಿಟ್‌ನ ಬ್ಯಾಟರಿ ಇರುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಹಾಗಿಲ್ಲ. ಸರಣಿ ಹೈಬ್ರಿಡ್ ಎಂಬ ಬಗೆಯಲ್ಲಿ ಎಂಜಿನ್ ಕೆಲಸ ವಿದ್ಯುತ್ ತಯಾರಿಸುವುದು ಮಾತ್ರ, ಚಕ್ರ ತಿರುಗಿಸುವುದು ಮೋಟಾರು. ನಗರದಲ್ಲಿ ಅದು ಸೊಗಸಾಗಿ ಓಡುತ್ತದೆ. ಹೆದ್ದಾರಿಯಲ್ಲಿ ಶಕ್ತಿ ಎರಡೆರಡು ಸಲ ರೂಪ ಬದಲಿಸಬೇಕಾದ್ದರಿಂದ ಅದರ ಮೈಲೇಜು ಇಳಿಯುತ್ತದೆ. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್-ಇನ್ ಹೈಬ್ರಿಡ್‌ನ ಲೆಕ್ಕವೇ ಬೇರೆ, ಮುಂದೆ ಬರುತ್ತದೆ.

ಲೆಕ್ಕವನ್ನು ಲೀಟರಿನಲ್ಲಿ ಮಾಡಿ

ಹಣದಲ್ಲಿ ಮಾಡಿದ ಲೆಕ್ಕ ಪೆಟ್ರೋಲಿನ ದರ ಏರಿದಾಗಲೆಲ್ಲ ಕೆಡುತ್ತದೆ. ಎರಡು ಕಾರುಗಳ ಬೆಲೆ ವ್ಯತ್ಯಾಸವನ್ನೇ ಲೀಟರಿಗೆ ಇಳಿಸಿಕೊಂಡರೆ ಎಲ್ಲವೂ ಒಂದೇ ಅಳತೆಗೆ ಬರುತ್ತದೆ.

1. ವರ್ಷಕ್ಕೆ ಎಷ್ಟು ಕಿ.ಮೀ. ಓಡಿಸುತ್ತೀರಿ, ಅದರಲ್ಲಿ ನಗರ ಎಷ್ಟು, ಹೆದ್ದಾರಿ ಎಷ್ಟು ಎಂದು ಬರೆದುಕೊಳ್ಳಿ. ಅಂದಾಜು ಬೇಡ, ಒಂದು ತಿಂಗಳು ಓಡೋಮೀಟರ್ ನೋಡಿ ಬರೆಯಿರಿ.
2. ಅದೇ ಗಾತ್ರದ, ಸಾಧ್ಯವಾದರೆ ಅದೇ ಮಾದರಿಯ ಪೆಟ್ರೋಲು ಕಾರನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಕೈಪಿಡಿಯ ಮೈಲೇಜು ಬಿಟ್ಟು, ಟ್ಯಾಂಕು ತುಂಬಿಸಿ ಮತ್ತೆ ತುಂಬಿಸುವವರೆಗಿನ ಲೆಕ್ಕ ಇಟ್ಟಿರುವ ಮಾಲೀಕರ ಅಂಕಿಗಳನ್ನು ಹಿಡಿಯಿರಿ.
3. ನಗರದ ಕಿ.ಮೀ.ಯನ್ನು ನಗರದ ಮೈಲೇಜಿನಿಂದ, ಹೆದ್ದಾರಿಯದನ್ನು ಹೆದ್ದಾರಿಯ ಮೈಲೇಜಿನಿಂದ ಭಾಗಿಸಿ ಕೂಡಿಸಿ. ವರ್ಷಕ್ಕೆ ಬೇಕಾಗುವ ಲೀಟರ್ ಸಿಗುತ್ತದೆ.
4. ತೆರಿಗೆ, ನೋಂದಣಿ, ವಿಮೆ, ಸಾಲದ ಬಡ್ಡಿ ಎಲ್ಲ ಸೇರಿಸಿ ಎರಡು ಕಾರುಗಳ ವ್ಯತ್ಯಾಸ ತೆಗೆಯಿರಿ. ಅದನ್ನು ಒಂದು ಲೀಟರ್ ಪೆಟ್ರೋಲಿನ ದರದಿಂದ ಭಾಗಿಸಿ.
5. ಆ ಲೀಟರನ್ನು ವರ್ಷದ ಉಳಿತಾಯದ ಲೀಟರಿನಿಂದ ಭಾಗಿಸಿದರೆ ಬರುವುದೇ ಹಣ ಮರಳಲು ಬೇಕಾದ ವರ್ಷಗಳು.

ಉದಾಹರಣೆಗೆ ಪೆಟ್ರೋಲು ಕಾರು ನಗರದಲ್ಲಿ ಲೀಟರಿಗೆ 12, ಹೆದ್ದಾರಿಯಲ್ಲಿ 18 ಕಿ.ಮೀ. ಕೊಡುತ್ತದೆ, ಹೈಬ್ರಿಡ್ 22 ಮತ್ತು 21 ಕೊಡುತ್ತದೆ, ಬೆಲೆಯ ವ್ಯತ್ಯಾಸ 2,000 ಲೀಟರಿನಷ್ಟಿದೆ ಎಂದುಕೊಳ್ಳೋಣ. ವರ್ಷಕ್ಕೆ ನಗರದಲ್ಲಿ 10,000, ಹೆದ್ದಾರಿಯಲ್ಲಿ 5,000 ಕಿ.ಮೀ. ಓಡಿಸಿದರೆ ಪೆಟ್ರೋಲು ಕಾರಿಗೆ 1,111 ಲೀಟರ್, ಹೈಬ್ರಿಡ್‌ಗೆ 693 ಲೀಟರ್ ಬೇಕು. ಉಳಿತಾಯ 418 ಲೀಟರ್. ಹಣ ಐದು ವರ್ಷದೊಳಗೆ ಮರಳಿತು. ಅದೇ 15,000 ಕಿ.ಮೀ.ಯಲ್ಲಿ ನಗರ 5,000, ಹೆದ್ದಾರಿ 10,000 ಆದರೆ ಉಳಿತಾಯ 270 ಲೀಟರಿಗೆ ಇಳಿದು, ಏಳು ವರ್ಷ ದಾಟುತ್ತದೆ. ಇನ್ನು ನಗರದಲ್ಲೇ, ಆದರೆ ವರ್ಷಕ್ಕೆ 6,000 ಕಿ.ಮೀ. ಮಾತ್ರ ಓಡಿಸುವವರಿಗೆ ಉಳಿಯುವುದು 227 ಲೀಟರ್, ಬೇಕಾಗುವುದು ಒಂಬತ್ತು ವರ್ಷದ ಹತ್ತಿರ. ಕಡಿಮೆ ಓಡಿಸುವವರಿಗೆ ಹೈಬ್ರಿಡ್ ದುಬಾರಿಯೇ.

ಮೈಲೇಜಿನ ಅಂಕಿ ಕಣ್ಣಿಗೆ ಮಣ್ಣೆರಚುತ್ತದೆ, ಎಚ್ಚರ. ಲೀಟರಿಗೆ 20ರಿಂದ 30ಕ್ಕೆ ಏರಿದರೆ 10ರಿಂದ 15ಕ್ಕೆ ಏರಿದ್ದಕ್ಕಿಂತ ದೊಡ್ಡ ಲಾಭದಂತೆ ಕಾಣುತ್ತದೆ. 15,000 ಕಿ.ಮೀ.ಗೆ ಮೊದಲನೆಯದರಲ್ಲಿ ಉಳಿಯುವುದು 250 ಲೀಟರ್, ಎರಡನೆಯದರಲ್ಲಿ 500. ಹಾಗಾಗಿ ಭಾರದ, ದೊಡ್ಡ ಗಾಡಿ ಬೇಕೇ ಬೇಕು ಎನ್ನುವವರಿಗೆ ಹೈಬ್ರಿಡ್ ಹೆಚ್ಚು ದುಡಿಯುತ್ತದೆ. ಈಗಾಗಲೇ ಚೆನ್ನಾಗಿ ಮೈಲೇಜು ಕೊಡುವ ಸಣ್ಣ ಕಾರಿನ ಬದಲಿಗೆ ಕೊಂಡರೆ ಅಷ್ಟೇನೂ ದುಡಿಯುವುದಿಲ್ಲ.

ಈ ಲೆಕ್ಕಕ್ಕೆ ಸೇರದ ಉಳಿತಾಯಗಳೂ ಇವೆ. ಎಂಜಿನ್ ಮತ್ತು ಮೋಟಾರುಗಳ ಬಲವನ್ನು ಹಲ್ಲುಚಕ್ರಗಳ ಒಂದೇ ಗುಂಪಿನಲ್ಲಿ ಕೂಡಿಸುವ, ಗ್ರಹಗೇರಿನ ಪವರ್ ಸ್ಪ್ಲಿಟ್ ವ್ಯವಸ್ಥೆಯಿರುವ ಹೈಬ್ರಿಡ್‌ನಲ್ಲಿ ಕ್ಲಚ್ಚು ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟಾರು ಮತ್ತು ಆಲ್ಟರ್ನೇಟರ್ ಇಲ್ಲ. ಇಲ್ಲದ ಭಾಗ ಕೆಡುವುದಿಲ್ಲ. ದಿನವೂ ದಟ್ಟಣೆಯಲ್ಲಿ ಓಡಿಸುವವರಿಗೆ ಇದು ಕಡೆಗಣಿಸುವಂಥ ಲಾಭವಲ್ಲ.

ಪ್ಲಗ್-ಇನ್: ಚಾರ್ಜ್ ಮಾಡದಿದ್ದರೆ ಕೊಳ್ಳಬೇಡಿ

ಪ್ಲಗ್-ಇನ್ ಹೈಬ್ರಿಡ್‌ನ ಬ್ಯಾಟರಿ ಸಾಮಾನ್ಯವಾಗಿ 8ರಿಂದ 20 ಯೂನಿಟ್‌ನದು, ಮಾದರಿಯನ್ನು ನೋಡಿಕೊಂಡು 40ರಿಂದ 80 ಕಿ.ಮೀ. ವಿದ್ಯುತ್ತಿನಲ್ಲೇ ಓಡುತ್ತದೆ. ಲಾಭ ತಿಳಿಯಲು ಸುಲಭದ ಲೆಕ್ಕವಿದೆ. ನೂರು ಕಿ.ಮೀ.ಗೆ ಸುಮಾರು 18 ಯೂನಿಟ್ ಬೇಕು, ಚಾರ್ಜ್ ಮಾಡುವಾಗಿನ ನಷ್ಟ ಸೇರಿ 20 ಎನ್ನಿ. ಲೀಟರಿಗೆ 22 ಕಿ.ಮೀ. ಕೊಡುವ ಹೈಬ್ರಿಡ್‌ಗೆ ಅದೇ ದೂರಕ್ಕೆ ನಾಲ್ಕೂವರೆ ಲೀಟರ್ ಬೇಕು. ಅಂದರೆ ಒಂದು ಯೂನಿಟ್‌ನ ದರ ಒಂದು ಲೀಟರಿನ ದರದ ಐದನೇ ಒಂದು ಭಾಗಕ್ಕಿಂತ ಕಡಿಮೆಯಿದ್ದರೆ ವಿದ್ಯುತ್ತು ಅಗ್ಗ. ಮನೆಯಲ್ಲಿ ಈ ಲೆಕ್ಕ ಗೆಲ್ಲುತ್ತದೆ, ದುಬಾರಿ ಸಾರ್ವಜನಿಕ ಚಾರ್ಜರಿನಲ್ಲಿ ಹಲವು ಸಲ ಸೋಲುತ್ತದೆ. 230 ವೋಲ್ಟಿನ 10 ಆಂಪಿಯರ್ ಪ್ಲಗ್ಗಿನಿಂದ 15 ಯೂನಿಟ್ ತುಂಬಲು ಆರೂವರೆ, ಏಳು ಗಂಟೆ ಹಿಡಿಯುತ್ತದೆ. ರಾತ್ರಿ ನಿಲ್ಲಿಸುವ ಜಾಗದಲ್ಲಿ ಪ್ಲಗ್ಗು ಇಲ್ಲದಿದ್ದರೆ ಈ ಬಗೆಯ ಕಾರಿನ ವಿಚಾರವನ್ನೇ ಬಿಡಿ.

ಚಾರ್ಜ್ ಮಾಡದೆ ಓಡಿಸುವವರು ಎಷ್ಟೋ ಮಂದಿ. ಯುರೋಪಿಯನ್ ಕಮಿಷನ್ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ರಸ್ತೆಯ ಮೇಲೆ ಪ್ಲಗ್-ಇನ್ ಹೈಬ್ರಿಡ್‌ಗಳು ಉಗುಳುವ ಇಂಗಾಲದ ಡೈಆಕ್ಸೈಡ್ ಪ್ರಯೋಗಾಲಯದ ಅಂಕಿಯ ಸರಾಸರಿ ಮೂರೂವರೆ ಪಟ್ಟು. ಅಂಕಿಗಳನ್ನು ಕಾರುಗಳೊಳಗಿನ ಇಂಧನ ಮಾಪಕಗಳಿಂದಲೇ ಪಡೆಯಲಾಗಿತ್ತು. ಚಾರ್ಜ್ ಮಾಡದ ಪ್ಲಗ್-ಇನ್ ಎಂದರೆ ಭಾರದ ಬ್ಯಾಟರಿ ಹೊತ್ತ ಪೆಟ್ರೋಲು ಕಾರು.

ಇದಕ್ಕೆ ವಿರುದ್ಧದ ತೊಂದರೆಯೂ ಇದೆ. ಯಾವಾಗಲೂ ವಿದ್ಯುತ್ತಿನಲ್ಲೇ ಓಡಿಸುವವರ ಟ್ಯಾಂಕಿನಲ್ಲಿ ಪೆಟ್ರೋಲು ತಿಂಗಳುಗಟ್ಟಲೆ ಹಳಸುತ್ತದೆ. ಎಂಜಿನ್ ಆಗೊಮ್ಮೆ ಈಗೊಮ್ಮೆ ಐದು ನಿಮಿಷ ಓಡಿ ಬಿಸಿಯಾಗುವ ಮುಂಚೆಯೇ ಆರಿದರೆ ಆಯಿಲಿಗೆ ನೀರಿನ ತೇವ ಮತ್ತು ಪೆಟ್ರೋಲು ಬೆರೆಯುತ್ತವೆ. ಟ್ಯಾಂಕನ್ನು ಪೂರ್ತಿ ತುಂಬಿಸದೆ ಕಾಲು ಭಾಗ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆಯಾದರೂ ಅರ್ಧ ಗಂಟೆ ಎಂಜಿನ್ ಮೇಲೆ ಓಡಿಸಿ. ಆಯಿಲನ್ನು ಕಿ.ಮೀ. ನೋಡಿ ಕಾಯದೆ ವರ್ಷಕ್ಕೊಮ್ಮೆ ಬದಲಿಸಿ.

ದೊಡ್ಡ ಬ್ಯಾಟರಿ ಮತ್ತು ಅದರ ಜಾಲರಿ

ಪ್ಲಗ್ಗಿಲ್ಲದ ಹೈಬ್ರಿಡ್‌ನ ಬ್ಯಾಟರಿಯನ್ನು ಕಾರು ಎಂದೂ ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ. ಸುಮಾರು ಶೇ. 40ರಿಂದ 80ರ ನಡುವೆಯೇ ಆಡಿಸುತ್ತದೆ. ಅದು ವರ್ಷಾನುಗಟ್ಟಲೆ ಬಾಳುವುದು ಇದರಿಂದಲೇ. ಎಂಟು ವರ್ಷದ ವಾರಂಟಿ ಸಾಮಾನ್ಯ, ಕೆಲವು ಕಂಪನಿಗಳು ಹತ್ತು ವರ್ಷ ಕೊಡುತ್ತವೆ. ವಾರಂಟಿಯ ಷರತ್ತುಗಳಲ್ಲಿ ಜಾಲರಿಯ ಆರೈಕೆ ಮತ್ತು ವಾರ್ಷಿಕ ತಪಾಸಣೆಯ ಸಾಲುಗಳನ್ನು ಹುಡುಕಿ ಓದಿ.

ಬ್ಯಾಟರಿಯ ಶತ್ರು ಬಿಸಿ. ಅನೇಕ ಮಾದರಿಗಳಲ್ಲಿ ಅದನ್ನು ತಂಪಾಗಿಸುವುದು ಕಾರಿನೊಳಗಿನ ಗಾಳಿ. ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಇರುವ ಕಿಂಡಿಯಿಂದ ಒಂದು ಫ್ಯಾನು ಗಾಳಿ ಎಳೆದು ಬ್ಯಾಟರಿಯ ಮೇಲೆ ಹಾಯಿಸುತ್ತದೆ. ಆ ಕಿಂಡಿಯ ಜಾಲರಿಗೆ ಧೂಳು, ಬಟ್ಟೆಯ ನೂಲು, ಸಾಕುಪ್ರಾಣಿಯ ಕೂದಲು ಅಂಟಿ ದಪ್ಪ ಪದರ ಕಟ್ಟುತ್ತದೆ. ಗಾಳಿ ಕಡಿಮೆಯಾದಂತೆ ನಡುವಿನ ಮಾಡ್ಯೂಲುಗಳು, ಅಂದರೆ ಬ್ಯಾಟರಿಯೊಳಗಿನ ಬಿಡಿ ಪೆಟ್ಟಿಗೆಗಳು, ಅಂಚಿನವುಗಳಿಗಿಂತ ಹೆಚ್ಚು ಬಿಸಿಯಾಗಿ ಮೊದಲು ಸೋಲುತ್ತವೆ. ಹಿಂದಿನ ಸೀಟಿನಿಂದ ಫ್ಯಾನಿನ ಸದ್ದು ಜೋರಾಗಿ ಕೇಳತೊಡಗಿದರೆ ಇದೇ ಮೊದಲ ಸೂಚನೆ.

ಜಾಲರಿ ತೆಗೆಯುವುದು ಕಷ್ಟವಲ್ಲ. ಕಾರನ್ನು ಪೂರ್ತಿ ಆರಿಸಿ. ಕಿಂಡಿಯ ಪ್ಲಾಸ್ಟಿಕ್ ಮುಚ್ಚಳದ ಅಂಚಿಗೆ ಚಪ್ಪಟೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಮೀಟಿದರೆ ಕ್ಲಿಪ್ಪುಗಳು ಬಿಡುತ್ತವೆ. ಸ್ಕ್ರೂಡ್ರೈವರ್ ಹಾಕಿದರೆ ಮುರಿಯುತ್ತವೆ. ಜಾಲರಿಯನ್ನು ಹೊರಗೆಳೆದು ವ್ಯಾಕ್ಯೂಮಿನಿಂದ ಧೂಳು ತೆಗೆದು, ಮೃದು ಬ್ರಷ್ಷಿನಿಂದ ಉಜ್ಜಿ, ಬರಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ತೇವವಿರುವಾಗ ಹಾಕಬೇಡಿ. ಕಿಂಡಿಯೊಳಕ್ಕೆ ಗಾಳಿ ಊದಬೇಡಿ, ಧೂಳು ಬ್ಯಾಟರಿಯ ಕಡೆಗೇ ಹೋಗುತ್ತದೆ. ಆರು ತಿಂಗಳು ಅಥವಾ 10,000 ಕಿ.ಮೀ.ಗೆ ಒಮ್ಮೆ ಸಾಕು. ಧೂಳಿನ ರಸ್ತೆ ಅಥವಾ ಕಾರಿನಲ್ಲಿ ನಾಯಿ ಇದ್ದರೆ ಮೂರು ತಿಂಗಳಿಗೊಮ್ಮೆ. ಎಂಟು ಹತ್ತು ವರ್ಷದ ಕಾರಿನಲ್ಲಿ ಫ್ಯಾನಿನ ರೆಕ್ಕೆಗಳಿಗೂ ಮಣ್ಣು ಮೆತ್ತಿರುತ್ತದೆ. ಅದನ್ನು ಬಿಚ್ಚುವ ಜಾಗದಲ್ಲಿ ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಇರುವುದರಿಂದ ತರಬೇತಿ ಪಡೆದ ಮೆಕ್ಯಾನಿಕ್ಕಿಗೇ ಬಿಡಿ. ಕಿಂಡಿಗೆ ಅಡ್ಡವಾಗಿ ಬ್ಯಾಗು, ಹೊದಿಕೆ ಇಡಬೇಡಿ. ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ಇಳಿಸಿ, ಬಿಸಿ ಗಾಳಿ ಹೊರಟ ಮೇಲೆ ಎಸಿ ಹಾಕಿ. ನಿಮಗೆ ತಂಪಾದರೆ ಬ್ಯಾಟರಿಗೂ ತಂಪು.

ಬ್ಯಾಟರಿ ಕೆಟ್ಟಿತು ಎಂದು ಕಾರಿನ ಕಂಪ್ಯೂಟರಿನಲ್ಲಿ ಪಿ0ಎ80 ಎಂಬ ದೋಷದ ಕೋಡ್ ಬಂದಾಕ್ಷಣ ಹೊಸದನ್ನು ಕೊಳ್ಳಲು ಒಪ್ಪಬೇಡಿ. ಮಾಡ್ಯೂಲುಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿದು, ವೋಲ್ಟೇಜ್ ತಪ್ಪಾಗಿ ಅಳೆದು, ಇದೇ ಕೋಡ್ ಬರುವುದುಂಟು. ಪಟ್ಟಿ ಉಜ್ಜಿ ಅಥವಾ ಬದಲಿಸಿದರೆ ಕೆಲಸ ಮುಗಿಯುತ್ತದೆ. ನಿಜವಾಗಿಯೂ ಮಾಡ್ಯೂಲ್ ಸತ್ತಿದ್ದರೆ ಅದೊಂದನ್ನೇ ಬದಲಿಸುವ ಅಗ್ಗದ ರಿಪೇರಿಗೆ ಹೆಚ್ಚು ದಿನ ಬಾಳಿಕೆಯಿಲ್ಲ. ಒಂದೇ ವಯಸ್ಸಿನ ಉಳಿದವೂ ಅದೇ ದಾರಿಯಲ್ಲಿರುತ್ತವೆ, ಹೊಸತು ಹಳತರ ನಡುವೆ ಸಮತೋಲ ಕೂಡುವುದಿಲ್ಲ, ಕೆಲವೇ ತಿಂಗಳಲ್ಲಿ ಪಕ್ಕದ್ದು ಸಾಯುತ್ತದೆ. ಕಾರನ್ನು ಇನ್ನೂ ವರ್ಷಗಟ್ಟಲೆ ಇಟ್ಟುಕೊಳ್ಳುವುದಾದರೆ ಪೂರ್ತಿ ಹೊಸ ಸೆಲ್‌ಗಳ ಬ್ಯಾಟರಿ ಹಾಕಿಸಿ.

ಸಣ್ಣ ಬ್ಯಾಟರಿ

ರಸ್ತೆಯಲ್ಲಿ ಕೈಕೊಡುವುದು ಬಹುತೇಕ ದೊಡ್ಡ ಬ್ಯಾಟರಿಯಲ್ಲ, 12 ವೋಲ್ಟಿನದು. ಹಲವು ಪೂರ್ಣ ಹೈಬ್ರಿಡ್‌ಗಳಲ್ಲಿ ಅದು ಎಂಜಿನ್ ತಿರುಗಿಸುವುದಿಲ್ಲ, ಕಂಪ್ಯೂಟರುಗಳನ್ನು ಎಬ್ಬಿಸಿ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಹೈ ವೋಲ್ಟೇಜ್ ರಿಲೇ ಸ್ವಿಚ್ಚುಗಳನ್ನು ಆನ್ ಮಾಡುತ್ತದೆ. ಅದಕ್ಕೆ ಗಾತ್ರ ಸಣ್ಣದು, ಸುಸ್ತಾಗುವಾಗ ಸಾಮಾನ್ಯ ಕಾರಿನಂತೆ ನಿಧಾನವಾಗಿ ಗೊರಗುಟ್ಟಿ ಮುನ್ಸೂಚನೆ ಕೊಡುವುದಿಲ್ಲ. ಒಂದು ಬೆಳಗ್ಗೆ, ಕಾರು ಓಡಲು ಸಿದ್ಧ ಎಂದು ಹೇಳುವ ರೆಡಿ ದೀಪ ಹತ್ತುವುದಿಲ್ಲ, ಅಷ್ಟೆ.

ಕಾರು ನಿಲ್ಲಿಸಿ ಮೂರ್ನಾಲ್ಕು ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಸರಿ. 12.2 ಎಂದರೆ ಅರ್ಧ ಚಾರ್ಜ್. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಮರುದಿನ ಮತ್ತೆ ಅಳೆಯಿರಿ, ಮತ್ತೆ ಇಳಿದಿದ್ದರೆ ಬದಲಿಸಿ. ರೆಡಿ ಸ್ಥಿತಿಯಲ್ಲಿ ಸುಮಾರು 14 ವೋಲ್ಟ್ ಕಾಣದಿದ್ದರೆ ದೋಷ ಬ್ಯಾಟರಿಯದಲ್ಲ, ಅದನ್ನು ತುಂಬುವ ಡಿಸಿ-ಡಿಸಿ ಕನ್ವರ್ಟರಿನದು. ನಾಲ್ಕೈದು ವರ್ಷವಾದ ಮೇಲೆ ಕೆಡುವ ತನಕ ಕಾಯದೆ ಬದಲಿಸುವುದು ಜಾಣತನ. ಬ್ಯಾಟರಿ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಇದ್ದರೆ ಆಮ್ಲವನ್ನು ನಾರಿನ ಹಾಸಿನಲ್ಲಿ ಹೀರಿಸಿಟ್ಟ ಎಜಿಎಂ ಬಗೆಯದನ್ನೇ ಹಾಕಿಸಿ, ಅನಿಲ ಹೊರಹಾಕುವ ಸಣ್ಣ ಕೊಳವೆಯನ್ನು ಮತ್ತೆ ಜೋಡಿಸಿದ್ದಾರೆಯೇ ನೋಡಿ. ಸಾಮಾನ್ಯ ಬ್ಯಾಟರಿ ಹಾಕಿದರೆ ಅನಿಲ ಕಾರಿನೊಳಗೇ ಸೇರುತ್ತದೆ.

ಅದು ಸತ್ತರೆ ಬೇರೆ ಕಾರಿನಿಂದ ಕೇಬಲ್ ಹಾಕಿ ಎಬ್ಬಿಸಬಹುದು. ಬಹಳ ಮಾದರಿಗಳಲ್ಲಿ ಅದಕ್ಕೆಂದೇ ಬಾನೆಟ್ಟಿನಡಿ ಕೆಂಪು ಮುಚ್ಚಳದ ತುದಿ ಇದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಮುಖ್ಯ ಫ್ಯೂಸು ಸುಟ್ಟೀತು, ಅದೃಷ್ಟ ಕೆಟ್ಟಿದ್ದರೆ ಕನ್ವರ್ಟರೇ ಹೋದೀತು. ನಿಮ್ಮ ಹೈಬ್ರಿಡ್‌ನಿಂದ ಬೇರೆಯವರ ಕಾರು ಸ್ಟಾರ್ಟ್ ಮಾಡಲು ಮಾತ್ರ ಕೊಡಬೇಡಿ, ಸ್ಟಾರ್ಟರ್ ಮೋಟಾರು ಎಳೆಯುವ ನೂರಾರು ಆಂಪಿಯರ್ ಅದು ತಡೆಯುವುದಿಲ್ಲ. ಕಾರು ವಾರಗಟ್ಟಲೆ ನಿಲ್ಲುವುದಿದ್ದರೆ ಎರಡು ವಾರಕ್ಕೊಮ್ಮೆ ಬಯಲಿನಲ್ಲಿ ಅರ್ಧ ಗಂಟೆ ರೆಡಿ ಸ್ಥಿತಿಯಲ್ಲಿಡಿ. ಬರಿ ಆಕ್ಸೆಸರಿ ಸ್ಥಿತಿಯಲ್ಲಿ ಹಾಡು ಕೇಳುತ್ತ ಕುಳಿತರೆ ಬ್ಯಾಟರಿ ಬರಿದಾಗುತ್ತದೆ.

ಬ್ರೇಕು, ಕೂಲೆಂಟ್, ಎಸಿ

ಹೈಬ್ರಿಡ್‌ನ ಬ್ರೇಕ್ ಪ್ಯಾಡುಗಳು 1 ಲಕ್ಷ ಕಿ.ಮೀ. ದಾಟಿಯೂ ಉಳಿಯಬಹುದು. ಅದೇ ಕಾರಣಕ್ಕೆ ಯಾರೂ ಚಕ್ರ ಬಿಚ್ಚಿ ನೋಡುವುದಿಲ್ಲ. ಕಡಿಮೆ ಬಳಸುವ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ, ಕ್ಯಾಲಿಪರಿನ ಪಿನ್ನುಗಳು ಒಣಗಿ ಸಿಕ್ಕಿಕೊಳ್ಳುತ್ತವೆ, ಒಂದೇ ಬದಿಯ ಪ್ಯಾಡು ಸವೆಯುತ್ತದೆ. ವರ್ಷಕ್ಕೊಮ್ಮೆ ಪಿನ್ನು ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸು ಹಚ್ಚಿಸಿ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಹಲವು ಹೈಬ್ರಿಡ್‌ಗಳಲ್ಲಿ ಈ ಕೆಲಸಕ್ಕೆ ಸ್ಕ್ಯಾನರ್ ಬೇಕು. ಪೆಡಲ್ ಒತ್ತಿ ಗಾಳಿ ತೆಗೆಯುವ ಹಳೆಯ ವಿಧಾನ ಮಾತ್ರ ಗೊತ್ತಿರುವವರ ಕೈಗೆ ಕೊಡಬೇಡಿ.

ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದುವಂತೆ ಬದಲಿಸುವ ಇನ್ವರ್ಟರಿಗೆ ಅನೇಕ ಕಾರುಗಳಲ್ಲಿ ಪ್ರತ್ಯೇಕ ಕೂಲೆಂಟ್ ಹಾದಿಯಿದೆ, ಪ್ರತ್ಯೇಕ ಪಂಪೂ ಇದೆ. ಎಂಜಿನ್ ಕೂಲೆಂಟ್ ನೋಡಿ ಸುಮ್ಮನಾಗಬೇಡಿ. ಕಾರು ತಣ್ಣಗಿರುವಾಗ ಅದರ ಟ್ಯಾಂಕಿನ ಮಟ್ಟ ನೋಡಿ. ಕೆಲವು ಮಾದರಿಗಳಲ್ಲಿ ರೆಡಿ ಸ್ಥಿತಿಯಲ್ಲಿ ಟ್ಯಾಂಕಿನೊಳಗೆ ದ್ರವ ಸುಳಿಯುವುದು ಕಾಣುತ್ತದೆ. ನಿಂತ ನೀರಿನಂತಿದ್ದರೆ ಪಂಪು ಸತ್ತಿದೆ ಎಂದರ್ಥ. ಅಗ್ಗದ ಆ ಪಂಪನ್ನು ಬಿಟ್ಟರೆ ದುಬಾರಿ ಇನ್ವರ್ಟರ್ ಬೇಯುತ್ತದೆ. ಕೈಪಿಡಿ ಹೇಳಿದ ಬಗೆಯ ಕೂಲೆಂಟ್ ಮಾತ್ರ ಹಾಕಿ.

ಎಸಿ ರಿಪೇರಿಯಲ್ಲಿ ಆಗುವ ತಪ್ಪು ಇನ್ನೂ ಕೆಟ್ಟದ್ದು. ಹೈಬ್ರಿಡ್‌ನ ಎಸಿ ಕಂಪ್ರೆಸರ್ ಹೈ ವೋಲ್ಟೇಜಿನಲ್ಲಿ ಓಡುತ್ತದೆ, ಮೋಟಾರಿನ ಸುರುಳಿ ಎಸಿ ಆಯಿಲಿನಲ್ಲೇ ಮುಳುಗಿರುತ್ತದೆ. ಅದಕ್ಕೆ ವಿದ್ಯುತ್ ಹಾಯಗೊಡದ ಪಿಒಇ ಆಯಿಲು ಬೇಕು. ಸಾಮಾನ್ಯ ಕಾರಿನ ಪಿಎಜಿ ಆಯಿಲು ಸ್ವಲ್ಪ ಬೆರೆತರೂ ವಿದ್ಯುತ್ ಸೋರದಂತೆ ತಡೆಯುವ ನಿರೋಧ ಕುಸಿದು, ಅದನ್ನು ಸೂಚಿಸುವ ಪಿ0ಎಎ6 ಕೋಡ್ ಬಂದು, ಕಾರು ರೆಡಿ ಆಗಲು ನಿರಾಕರಿಸುವ ಹಂತಕ್ಕೂ ಹೋಗಬಹುದು. ಗ್ಯಾಸು ತುಂಬಿಸುವ ಮುಂಚೆ ಯಾವ ಆಯಿಲು, ಯಂತ್ರದ ಕೊಳವೆ ತೊಳೆದಿದ್ದೀರಾ ಎಂದು ಬಾಯಿಬಿಟ್ಟು ಕೇಳಿ.

ಎಂಜಿನ್ನಿಗೆ ಕೈಪಿಡಿಯ ತೆಳು ಆಯಿಲು, ಸಾಮಾನ್ಯವಾಗಿ 0ಡಬ್ಲ್ಯೂ-20 ಅಥವಾ 0ಡಬ್ಲ್ಯೂ-16. ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನ್ನಿಗೇ ಮರಳಿ ಕಳಿಸುವ ಇಜಿಆರ್ ಕೂಲರ್ ಇರುವ ಎಂಜಿನ್ನಿನಲ್ಲಿ 1 ಲಕ್ಷ ಕಿ.ಮೀ. ಸುಮಾರಿಗೆ ಅದರ ಮಸಿ ತೆಗೆಸಿ. ಕಟ್ಟಿಕೊಂಡರೆ ಸಿಲಿಂಡರಿನ ಬಿಸಿ ಏರಿ ಹೆಡ್ ಗ್ಯಾಸ್ಕೆಟ್ ಹೋಗುವ ಅಪಾಯವಿದೆ. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಗಡಗಡ ನಡುಗುವುದು ಅದರ ಲಕ್ಷಣ. ಮೋಟಾರುಗಳೂ ಗೇರುಗಳೂ ಇರುವ ಪೆಟ್ಟಿಗೆಯ, ಅಂದರೆ ಟ್ರಾನ್ಸಾಕ್ಸಲ್‌ನ ಆಯಿಲು ಜೀವನಪರ್ಯಂತ ಎಂದು ಬರೆದಿದ್ದರೂ ಅದೇ ಹೊತ್ತಿಗೆ ಬದಲಿಸುವುದು ಒಳ್ಳೆಯದು. ಮೋಟಾರುಗಳು ತಣಿಯುವುದು ಅದರಿಂದಲೇ.

ಓಡಿಸುವ ರೀತಿ

ಬ್ಯಾಟರಿಯಲ್ಲೇ ಓಡಿಸಬೇಕೆಂಬ ಹಟದಿಂದ ಆಮೆಯಂತೆ ಹೊರಡುವವರು ಪೆಟ್ರೋಲು ಉಳಿಸುವುದಿಲ್ಲ. ಪ್ಲಗ್ಗಿಲ್ಲದ ಹೈಬ್ರಿಡ್‌ನ ಬ್ಯಾಟರಿಗೆ ಬಂದದ್ದೆಲ್ಲ ಪೆಟ್ರೋಲಿನಿಂದಲೇ ಬಂದದ್ದು, ಬರಿದಾದದ್ದನ್ನು ಎಂಜಿನ್ ನಷ್ಟ ಸಹಿತ ತುಂಬಬೇಕು. ಹದವಾಗಿ ವೇಗ ಹಿಡಿಸಿ, ನಂತರ ಕಾಲು ಸಡಿಲಿಸಿ. ಮುಂದಿನ ಸಿಗ್ನಲ್ ಕೆಂಪಾಗಿರುವುದು ಕಂಡ ಕೂಡಲೇ ಬ್ರೇಕನ್ನು ಹಗುರವಾಗಿ, ದೂರದಿಂದಲೇ ಒತ್ತಿ. ಜೋರಾಗಿ ಒತ್ತಿದರೆ ಮೋಟಾರು ಹಿಡಿಯಲಾರದಷ್ಟು ಶಕ್ತಿ ಪ್ಯಾಡಿಗೆ ಹೋಗುತ್ತದೆ. ಸಿಗ್ನಲಿನಲ್ಲಿ ಎನ್ ಗೇರು ಹಾಕುವ ಅಭ್ಯಾಸ ಬಿಡಿ. ಹಲವು ಹೈಬ್ರಿಡ್‌ಗಳಲ್ಲಿ ಎನ್‌ನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಉದ್ದದ ಇಳಿಜಾರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಮೋಟಾರಿನ ಬ್ರೇಕು ಸಿಗದು, ಆಗ ಬಿ ಸ್ಥಾನಕ್ಕೆ ಹಾಕಿದರೆ ಎಂಜಿನ್ ಹಿಡಿಯುತ್ತದೆ, ಪ್ಯಾಡು ಬಿಸಿಯಾಗುವುದಿಲ್ಲ. ಸಮತಟ್ಟಿನಲ್ಲಿ ಬಿ ಬೇಡ.

ಎರಡು ಮೂರು ಕಿ.ಮೀ.ಯ ಓಡಾಟವನ್ನು ಒಟ್ಟುಗೂಡಿಸಿ. ತಣ್ಣಗಿನ ಎಂಜಿನ್ ತನ್ನನ್ನೂ ಕ್ಯಾಟಲಿಟಿಕ್ ಕನ್ವರ್ಟರನ್ನೂ ಬಿಸಿ ಮಾಡಿಕೊಳ್ಳಲು ಮೊದಲ ಕೆಲವು ನಿಮಿಷ ಓಡಲೇಬೇಕು, ಆ ಹೊತ್ತಿಗೆ ನೀವು ಊರು ಸೇರಿರುತ್ತೀರಿ. ಚಳಿಯಲ್ಲಿ ಹೀಟರಿಗಾಗಿಯೂ ಎಂಜಿನ್ ಓಡುತ್ತದೆ. ಆಗ ಮೈಲೇಜು ಇಳಿದರೆ ಕಾರು ಕೆಟ್ಟಿಲ್ಲ.

ಜೀವಕ್ಕೆ ಸಂಬಂಧಿಸಿದ ಮೂರು ಮಾತು. ರೆಡಿ ದೀಪ ಉರಿಯುತ್ತಿದ್ದರೆ ಕಾರು ನಿಶ್ಶಬ್ದವಾಗಿದ್ದರೂ ಓಡುತ್ತಿದೆ ಎಂದೇ ಅರ್ಥ. ಮುಚ್ಚಿದ ಶೆಡ್ಡಿನಲ್ಲಿ ಆರಿಸಲು ಮರೆತು ಹೋದರೆ ಎಂಜಿನ್ ತಾನೇ ಶುರುವಾಗಿ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಕೆಟ್ಟ ಕಾರನ್ನು ಚಾಲಕ ಚಕ್ರಗಳು ನೆಲದಲ್ಲಿರುವಂತೆ ಎಳೆಯಬಾರದು, ಚಕ್ರ ತಿರುಗಿದರೆ ಮೋಟಾರು ವಿದ್ಯುತ್ ಹುಟ್ಟಿಸುತ್ತದೆ. ಪೂರ್ತಿ ಎತ್ತಿ ಸಾಗಿಸುವ ವಾಹನವನ್ನೇ ಕರೆಸಿ. ಕಿತ್ತಳೆ ಕೇಬಲ್ ಮುಟ್ಟಬೇಡಿ. ಸರ್ವಿಸ್ ಪ್ಲಗ್ ತೆಗೆದ ಮೇಲೂ ಕೆಪಾಸಿಟರುಗಳು ಖಾಲಿಯಾಗಲು ಹತ್ತು ನಿಮಿಷ ಕಾಯುವುದು ಗ್ಯಾರೇಜಿನವರಿಗೂ ನಿಯಮ.

ಹಳೆಯ ಹೈಬ್ರಿಡ್ ಕೊಳ್ಳುವಾಗ

ಕಾರು ಪೂರ್ತಿ ತಣ್ಣಗಿರುವಾಗಲೇ ಹೋಗಿ, ಮೊದಲ ಸ್ಟಾರ್ಟ್ ನಿಮ್ಮ ಮುಂದೆಯೇ ಆಗಲಿ. ಮೊದಲು ಹಿಂದಿನ ಸೀಟಿನ ಜಾಲರಿ ತೆಗೆದು ನೋಡಿ. ಧೂಳಿನ ಕಂಬಳಿ ಹೊದ್ದಿದ್ದರೆ ಆ ಮಾಲೀಕರು ಉಳಿದ ಆರೈಕೆಯನ್ನೂ ಹಾಗೆಯೇ ಮಾಡಿರುತ್ತಾರೆ. ಕಾರಿನ ಕೆಳಗೆ ಬಗ್ಗಿ ಕ್ಯಾಟಲಿಟಿಕ್ ಕನ್ವರ್ಟರ್ ಮೂಲದ್ದೇ ಇದೆಯೇ ನೋಡಿ. ಒಳಗಿನ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಾಗಿ ಕಳ್ಳರ ಕಣ್ಣು ಹೈಬ್ರಿಡ್‌ಗಳ ಮೇಲೆ ಹೆಚ್ಚು.

ಅರ್ಧ ಗಂಟೆ ಓಡಿಸಿ, ಒಂದು ಏರು ಮತ್ತು ಒಂದು ಇಳಿಜಾರು ಇರುವ ದಾರಿಯಾದರೆ ಉತ್ತಮ. ಬ್ಯಾಟರಿ ಸೂಚಕ ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ಎರಡು ನಿಮಿಷದಲ್ಲಿ ತುಂಬಿ ಎರಡು ನಿಮಿಷದಲ್ಲಿ ಬರಿದಾಗುತ್ತಿದ್ದರೆ ಒಳಗೆ ಸಾಮರ್ಥ್ಯ ಉಳಿದಿಲ್ಲ.

ನಂತರ ಕಾರಿನ ಕಂಪ್ಯೂಟರಿನ ಮಾಹಿತಿಯನ್ನು ಫೋನಿಗೆ ಕಳಿಸುವ ಓಬಿಡಿ ಅಡಾಪ್ಟರ್ ಸಿಕ್ಕಿಸಿ, ಆ ಮಾದರಿಯ ಬ್ಯಾಟರಿ ತೋರಿಸುವ ಆ್ಯಪ್‌ನಲ್ಲಿ ಪ್ರತಿ ಬ್ಲಾಕಿನ ವೋಲ್ಟೇಜ್ ನೋಡಿ. ಎರಡನೇ, ಮೂರನೇ ಪೀಳಿಗೆಯ ಪ್ರಿಯಸ್‌ನ ನಿಕಲ್ ಬ್ಯಾಟರಿಯಲ್ಲಿ 28 ಮಾಡ್ಯೂಲು, ಎರಡೆರಡರ 14 ಬ್ಲಾಕು, ಒಂದೊಂದು ಬ್ಲಾಕಿನಲ್ಲಿ 1.2 ವೋಲ್ಟಿನ 12 ಸೆಲ್. ಕಾರು ಏರು ಹತ್ತುವಾಗ ಎಲ್ಲ ಬ್ಲಾಕುಗಳ ವೋಲ್ಟೇಜೂ ಒಟ್ಟಿಗೆ ಇಳಿಯಬೇಕು, ಅವುಗಳ ನಡುವೆ 0.2, 0.3 ವೋಲ್ಟ್ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ವೇಗ ಹಿಡಿಸುವಾಗ ಒಂದೇ ಬ್ಲಾಕು ಉಳಿದವಕ್ಕಿಂತ 1 ವೋಲ್ಟಿಗೂ ಹೆಚ್ಚು ಕುಸಿದರೆ ಅದರಲ್ಲೊಂದು ಸೆಲ್ ಸತ್ತಿದೆ ಎಂದೇ ತಿಳಿಯಿರಿ. ಬೆಲೆಯಿಂದ ಹೊಸ ಬ್ಯಾಟರಿಯ ಖರ್ಚು ಕಳೆದು ಮಾತಾಡಿ.

ಅದೇ ಆ್ಯಪ್‌ನಲ್ಲಿ ದೋಷಗಳ ಪಟ್ಟಿ ಖಾಲಿ ಕಂಡರೂ ಸ್ವಯಂ ತಪಾಸಣೆಗಳ ಸ್ಥಿತಿ ನೋಡಿ. ಬಹುತೇಕ ಎಲ್ಲದರ ಮುಂದೆ ಅಪೂರ್ಣ ಎಂದಿದ್ದರೆ ಇತ್ತೀಚೆಗೆ ಯಾರೋ ಕೋಡ್ ಅಳಿಸಿದ್ದಾರೆ ಅಥವಾ 12 ವೋಲ್ಟಿನ ಬ್ಯಾಟರಿ ಬಿಚ್ಚಿದ್ದಾರೆ. ಕಾರಣ ಕೇಳಿ, ಕೆಲವು ದಿನ ಮಾಲೀಕರೇ ಓಡಿಸಿ ತಪಾಸಣೆಗಳು ಪೂರ್ಣವಾದ ಮೇಲೆ ಮತ್ತೆ ನೋಡಿ, ಮುಂಗಡವನ್ನು ಆಮೇಲೆ ಕೊಡಿ.